ಹನ್ನೊಂದು ಕಿಟಕಿಯ ರಸಮೇವು

ಅಕ್ಟೋಬರ್ ೧೪, ಸೋಮವಾರ

ಇಂದಿನಿಂದ ನಾನು ಮತ್ತೆ ಕೆಲಸದ ಮನುಷ್ಯ. ನಿವೃತ್ತಿಯಾಗಿ ಹದಿಮೂರು ತಿಂಗಳು ಮನೆಯಲ್ಲಿ ಕುಳಿತು, ಹೆಂಡತಿ ಗಂಗಾಂಬಿಕಾ ಆರಿಸಿಟ್ಟ ಅಕ್ಕಿಯಲ್ಲಿ ಮತ್ತೊಮ್ಮೆ ಕಲ್ಲು ಹುಡುಕಿ, ಅವಳಿಂದ ಬೈಸಿಕೊಂಡದ್ದು ಸಾಕಾಗಿತ್ತು. ನಮ್ಮೂರ ಹಾಲಿನ ಸಂಘದ ಅಧ್ಯಕ್ಷ ದೊಡ್ಡಬಸಪ್ಪ ಮನೆಗೇ ಬಂದಿದ್ದ.

"ಸ್ವಾಮ್ಯಾರ, ಸಂಡೂರು ಗುಡ್ಡದಾಗ ಮೂವತ್ತೆರಡು ವರ್ಷ ಅದಿರಿನ ಗ್ರೇಡ್ ನೋಡಿದೋರು ನೀವು. ನಮ್ಮ ರಸಮೇವಿನ ಗುಂಡಿ ಗ್ರೇಡ್ ನೋಡಾಕ ನಿಮಗಿಂತ ಯಾರದಾರ್ರೀ?"

ಯಾರೂ ಇಲ್ಲ. ಒಪ್ಪಿಕೊಂಡೆ. ಮೂವತ್ತೆರಡು ವರ್ಷದಲ್ಲಿ ನಾನು ಒಂದೇ ಒಂದು ಸುಳ್ಳು ಅಂಕಿ ಬರೆದವನಲ್ಲ. ಮ್ಯಾನೇಜರೇ ಬಂದು ಕೇಳಿದರೂ ಬರೆದಿಲ್ಲ. ಅದಕ್ಕೇ ಮೂವತ್ತೆರಡು ವರ್ಷವೂ ಅದೇ ಕುರ್ಚಿಯಲ್ಲಿದ್ದೆ.

ಸಂಜೆ ಗುಂಡಿ ನೋಡಿ ಬಂದೆ. ಅರವತ್ತು ಅಡಿ ಉದ್ದ, ಹದಿನೈದು ಅಡಿ ಅಗಲ. ನಲವತ್ತೆರಡು ಮನೆಯವರು ತಮ್ಮ ಹೊಲದ ಹಸಿ ಮೆಕ್ಕೆಜೋಳವನ್ನು ತೆನೆ ಸಮೇತ ಕತ್ತರಿಸಿ ಅದರಲ್ಲಿ ತುಂಬಿದ್ದಾರೆ. ಟ್ರ್ಯಾಕ್ಟರ್ ಓಡಿಸಿ ಗಟ್ಟಿ ಮಾಡಿ, ತಾಡಪತ್ರಿ ಹೊದಿಸಿ, ಮೇಲೆ ಹಳೇ ಟೈರು ಹೇರಿದ್ದಾರೆ. ಬೇಸಿಗೆಯಲ್ಲಿ ಹುಲ್ಲು ಮುಗಿದಾಗ ಊರ ದನಗಳಿಗೆ ಇದೇ ಗತಿ.

ಗುಂಡಿಗೆ ಒತ್ತಿಕೊಂಡೇ ಬಸಕ್ಕನೆಂಬ ಹೆಂಗಸಿನ ಕೊಟ್ಟಿಗೆ ಇದೆ. ಕಾವಲಿಗೆ ಸಂಘ ಇವಳನ್ನೇ ಇಟ್ಟಿದೆ. ಕೇಳದಿದ್ದರೂ ಹೇಳಿದಳು: "ನಂದು ಒಂದೂವರಿ ಎಕರೆ ಜ್ವಾಳ ಇದರಾಗ ಐತ್ರಿ. ಒಂದು ತೆನಿ ಮನಿಗೆ ಒಯ್ದಿಲ್ಲ. ಎಮ್ಮಿ ಯುಗಾದಿ ಹೊತ್ತಿಗೆ ಈಯತೈತಿ. ಈ ಮೇವು ಕೆಟ್ರ ಎಮ್ಮಿ ಸಂತಿಗಿ ಹೊಡೀಬೇಕಾಕೈತಿ. ಜ್ವಾಕೀರಿ ಸ್ವಾಮ್ಯಾರ."

ನನ್ನನ್ನು ಸರ್ ಎನ್ನಬೇಕೆಂದು ಹೇಳಿದೆ. ಕೊರಳಿಗೆ ಹಾಕಿಕೊಳ್ಳಲು ಗುರುತಿನ ಚೀಟಿಯನ್ನೂ ಮಾಡಿಸಲು ಕೊಟ್ಟಿದ್ದೇನೆ: ಕೊಟ್ರಯ್ಯ, ಗುಣಮಟ್ಟ ಮೇಲ್ವಿಚಾರಕ.

ಅಕ್ಟೋಬರ್ ೧೭, ಗುರುವಾರ

ಹೊಸಪೇಟೆಗೆ ಹೋಗಿ ಮೂರು ಅಡಿ ಉದ್ದದ ಕಬ್ಬಿಣದ ಥರ್ಮಾಮೀಟರು, ಎರಡು ರಿಜಿಸ್ಟರು, ಒಂದು ಕಟ್ಟು ಪಿಎಚ್ ಕಾಗದ ತಂದೆ. ಮೇವಿನ ರಸಕ್ಕೆ ಈ ಕಾಗದ ತಾಗಿಸಿದರೆ ಬಣ್ಣ ತಿರುಗುತ್ತದೆ. ಬಣ್ಣಕ್ಕೊಂದು ಅಂಕಿ. ಹುಳಿ ಹೆಚ್ಚಿದ್ದರೆ ಅಂಕಿ ಕಡಿಮೆ ಎಂದು ಅಂಗಡಿಯವನು ಹೇಳಿದ. ಅಂಕಿ ಇದೆಯಲ್ಲ, ನನಗೆ ಅಷ್ಟು ಸಾಕು.

ಅದಿರಿನ ರಾಶಿಯಿಂದ ಸ್ಯಾಂಪಲ್ ತೆಗೆಯುವ ಕ್ರಮದಲ್ಲೇ ತಾಡಪತ್ರಿಯ ಮೇಲೆ ಸೀಮೆಸುಣ್ಣದಿಂದ ಚೌಕ ಹಾಕಿ, ಮೂರು ಕಡೆ ಒಂದು ಗೇಣಿನ ಕಿಟಕಿ ಕತ್ತರಿಸಿದೆ. ನಂಬರು ಬರೆದೆ. ಸ್ಯಾಂಪಲ್ ತೆಗೆದ ಮೇಲೆ ಗೋಣಿಚೀಲ ಮುಚ್ಚಿ ಕಲ್ಲಿಟ್ಟೆ. ಬಿಸಿ ಮೂವತ್ತೈದು. ಕಾಗದದ ಗ್ರೇಡ್ ಆರು.

ಬಸಕ್ಕ ಎಮ್ಮೆ ಬಿಟ್ಟು ಓಡಿ ಬಂದಳು. "ಯವ್ವಾ, ತಾಡಪತ್ರಿ ಕೊಯ್ದ್ರ್ಯಾ! ಗಾಳಿ ಹೊಕ್ರ ಮೇವು ಕೆಡ್ತೈತ್ರಿ. ಹಾಲಿಗೆ ಹೆಪ್ಪು ಹಾಕಿ ಘಳಿಗಿಗೊಮ್ಮೆ ಗಡಿಗಿ ಅಳ್ಳಾಡಿಸಿದ್ರ ಮೊಸರಾಕೈತೇನು?"

ಎಂಟು ಲಕ್ಷ ಟನ್ ಅದಿರು ನನ್ನ ಕೈಯಿಂದ ದಾಟಿದೆ. ಅಗೆದದ್ದಕ್ಕೆ ಒಂದು ಟನ್ನೂ ಕೆಟ್ಟಿಲ್ಲ. ಆಕ್ಷೇಪವನ್ನು ರಿಜಿಸ್ಟರಿನ ಷರಾ ಕಾಲಮಿನಲ್ಲಿ ದಾಖಲಿಸಿ, "ತಾಂತ್ರಿಕವಲ್ಲ" ಎಂದು ಬರೆದೆ.

ಅಕ್ಟೋಬರ್ ೨೯, ಮಂಗಳವಾರ

ಗ್ರೇಡ್ ಬೀಳುತ್ತಿದೆ. ಆರು ಇದ್ದದ್ದು ಐದಕ್ಕೆ ಬಂದಿದೆ. ಊಟ ಸೇರಲಿಲ್ಲ.

ನವೆಂಬರ್ ೬, ಬುಧವಾರ

ನಾಲ್ಕು! ಹಸಿ ಮೇವಿದ್ದಾಗ ಆರಿದ್ದ ಗ್ರೇಡ್ ಮೂರೇ ವಾರದಲ್ಲಿ ನಾಲ್ಕು. ಗಣಿಯಲ್ಲಿ ಅರವತ್ತೆರಡರ ಅದಿರು ನಲವತ್ತಕ್ಕೆ ಇಳಿದಿದ್ದರೆ ಮ್ಯಾನೇಜರಿಗೆ ಎದೆಯೊಡೆಯುತ್ತಿತ್ತು. ವಾಸನೆಯೂ ಹುಳಿ. ಬಸಕ್ಕ ಒಂದು ಹಿಡಿ ಮೂಗಿಗೆ ಹಿಡಿದು, "ಮಸ್ತ್ ಬಂದೈತ್ರಿ, ಹುಳಿ ಬಂದ್ರ ಉಳೀತೈತಿ, ಇನ್ನ ಮುಟ್ಟಬ್ಯಾಡ್ರಿ" ಎಂದಳು. ಹುಳಿ ಬಂದ ಸಾರನ್ನು ಮನೆಯಲ್ಲಿ ಚೆಲ್ಲುತ್ತಾರೆ, ಇವಳು ಉಳಿಯುತ್ತದೆ ಎನ್ನುತ್ತಾಳೆ.

ತುರ್ತು ಕ್ರಮವಾಗಿ ತಪಾಸಣೆಯನ್ನು ದಿನಕ್ಕೆರಡು ಸಲ ಮಾಡಿದ್ದೇನೆ. ಕಿಟಕಿಗಳನ್ನು ಎಂಟಕ್ಕೆ ಏರಿಸಿದ್ದೇನೆ. ಹಿಂದಿನ ಇಪ್ಪತ್ತು ಅಡಿಗೂ ಕತ್ತರಿ ಹಿಡಿದು ಹೊರಟಾಗ ಬಸಕ್ಕ ಅಡ್ಡ ನಿಂತಳು.

"ಅತ್ಲಾಗ ಹೋಗಬ್ಯಾಡ್ರಿ. ಹಾವೈತಿ."

"ಯಾವ ಹಾವು?"

"ನಾಗರಹಾವ್ರಿ. ಟೈರಿನ ಸಂದಿನಾಗ. ನಿನ್ನಿ ಹೆಡಿ ಎತ್ತಿತ್ತು. ಮೊರದಷ್ಟಗಲ."

ನಾನು ಹೆದರುವವನಲ್ಲ. ಆದರೆ ಸುರಕ್ಷತಾ ನಿಯಮ ಎಂಬುದೊಂದಿದೆ. "ಹಿಂಭಾಗ: ನಾಗರಹಾವು. ತಪಾಸಣೆ ಬಾಕಿ" ಎಂದು ಕೆಂಪು ಶಾಯಿಯಲ್ಲಿ ಬರೆದು, ಜಲ್ದಿ ಮನೆಗೆ ಬಂದೆ.

ನವೆಂಬರ್ ೧೧, ಸೋಮವಾರ

ಹಾವಿನ ವಿಷಯ ಕೇಳಿದಾಗಿನಿಂದ ಗಂಗಾಂಬಿಕಾ ದಿನವೂ ಒಂದು ತಟ್ಟೆ ಹಾಲು ಒಯ್ದು ಗುಂಡಿಯ ಹಿಂದೆ ಇಟ್ಟು, ಅರಿಶಿನ ಏರಿಸಿ ಬರುತ್ತಾಳೆ. ಬೆಳಿಗ್ಗೆ ನಾನು ದೂರದಿಂದ ಪರಿಶೀಲಿಸುತ್ತೇನೆ. ಐದು ದಿನದಲ್ಲಿ ಐದು ದಿನವೂ ತಟ್ಟೆ ಖಾಲಿ. ರಿಜಿಸ್ಟರಿನಲ್ಲಿ ಪ್ರತ್ಯೇಕ ಕಾಲಮು ತೆರೆದಿದ್ದೇನೆ: "ಹಾಲು ಖಾಲಿ. ಹಾವು ಹಾಜರು." ಪುರಾವೆಯಿಲ್ಲದೆ ನಾನೇನನ್ನೂ ನಂಬುವವನಲ್ಲ.

ತಟ್ಟೆಯ ಸುತ್ತ ಬಸಕ್ಕನ ಬೆಕ್ಕು ಓಡಾಡುತ್ತಿರುತ್ತದೆ. ಅದಕ್ಕಿರುವ ಧೈರ್ಯ ನನಗಿಲ್ಲವಲ್ಲ ಎಂದು ನಾಚಿಕೆಯಾಯಿತು.

ಡಿಸೆಂಬರ್ ೧, ಭಾನುವಾರ

ಅಮಾವಾಸ್ಯೆ. ದೊಡ್ಡಬಸಪ್ಪನ ಎರಡು ಲಾರಿಗೂ ಪ್ರತಿ ಅಮಾವಾಸ್ಯೆ ಪೂಜೆಯಾಗುತ್ತದೆ. "ಲಾರಿಗೆ ಮಾಡ್ತೀವಿ, ಗುಂಡಿಗ್ಯಾಕ ಬ್ಯಾಡ?" ಎಂದ. ಸರಿಯಾದ ಪ್ರಶ್ನೆ. ಮುಂಭಾಗದ ತಾಡಪತ್ರಿಯನ್ನು ಹತ್ತಡಿ ಸರಿಸಿ, ಮೇವಿಗೆ ಕುಂಕುಮ ಹಚ್ಚಿ, ಕುಂಬಳಕಾಯಿ ಒಡೆದು, ಐದು ತೆಂಗಿನಕಾಯಿಯ ನೀರನ್ನು ಮೇಲೆಯೇ ಚಿಮುಕಿಸಿದೆವು. ಕಂಪ್ಲಿಯಿಂದ ಬರಬೇಕಿದ್ದ ಮುಖಂಡರೊಬ್ಬರು ತಡವಾದರು. ಅವರು ಬಂದು ಫೋಟೊ ತೆಗೆಸಿಕೊಳ್ಳುವತನಕ ಎರಡೂವರೆ ತಾಸು ತಾಡಪತ್ರಿ ತೆರೆದೇ ಇತ್ತು. ಅವರು ಒಂದು ಹಿಡಿ ಮೇವು ಎತ್ತಿ ಮೂಸಿ, "ಒಳ್ಳೇ ಕ್ವಾಲಿಟಿ" ಎಂದರು. ಚಪ್ಪಾಳೆ ಬಿತ್ತು.

ಬಸಕ್ಕ ಚಪ್ಪಾಳೆ ತಟ್ಟಲಿಲ್ಲ. ಎಲ್ಲರೂ ಹೋದ ಮೇಲೆ ಒಬ್ಬಳೇ ತಾಡಪತ್ರಿ ಎಳೆದು ಅಂಚಿಗೆ ಮಣ್ಣು ಒತ್ತುತ್ತಿದ್ದಳು. ಕೂಲಿ ಕೇಳಿದರೆ ಕೊಡಬೇಕಾದೀತೆಂದು ನಾನು ನೋಡದವನಂತೆ ಬಂದೆ.

ಡಿಸೆಂಬರ್ ೨೦, ಶುಕ್ರವಾರ

ನನ್ನ ಶ್ರಮಕ್ಕೆ ಫಲ ಸಿಕ್ಕಿದೆ! ಗ್ರೇಡ್ ಐದೂವರೆಗೆ ಏರಿದೆ. ಬಿಸಿ ನಲವತ್ತಾರು. ಕಿಟಕಿ ತೆರೆದರೆ ಮುಖಕ್ಕೆ ಉಗಿ ಬಡಿಯುತ್ತದೆ. ಒಳಗೆ ಪಾಕ ಬರುತ್ತಿದೆ ಎಂದೇ ಇದರ ಅರ್ಥ. ಆ ಹಾಳು ಹುಳಿವಾಸನೆಯೂ ಹೋಗಿದೆ.

ಕಿಟಕಿಗಳ ಸುತ್ತ ಬೆಳ್ಳಗೆ ಹತ್ತಿಯಂಥದ್ದೇನೋ ಕಟ್ಟಿದೆ. ಪೂಜೆಯ ದಿನ ಬಿದ್ದ ಕಾಯಿಚೂರು ಇರಬೇಕು.

ಜನವರಿ ೭, ಮಂಗಳವಾರ

ಏಳು. ಹೌದು, ಏಳು. ನಾಲ್ಕಕ್ಕೆ ಬಿದ್ದದ್ದನ್ನು ಏಳಕ್ಕೆ ಎತ್ತಿದವನು ನಾನು. ಬಿಸಿ ಐವತ್ಮೂರು. ಕಿಟಕಿ ಹನ್ನೊಂದು. ಸಂಘದ ಸಭೆಯಲ್ಲಿ ಅಂಕಿಗಳನ್ನು ಗೋಡೆಗೆ ಅಂಟಿಸಿ ವಿವರಿಸಿದೆ. ಯಾರಿಗೂ ಏನೂ ಅರ್ಥವಾಗಲಿಲ್ಲ, ಆದ್ದರಿಂದ ಎಲ್ಲರೂ ಮೆಚ್ಚಿದರು. ದೊಡ್ಡಬಸಪ್ಪ ಶಾಲು ಹೊದಿಸಿದ. "ಗುಣಮಟ್ಟ: ಉತ್ತಮ" ಎಂದು ಪ್ರಮಾಣಪತ್ರ ಬರೆದು ಸಹಿ ಮಾಡಿದೆ. ಸಂಕ್ರಾಂತಿಯ ದಿನ ಮೊದಲ ಬುಟ್ಟಿ ತೆಗೆಯುವುದೆಂದು ತೀರ್ಮಾನವಾಯಿತು.

ಗಂಗಾಂಬಿಕಾ ಶಾಲು ಮಡಚಿಡುತ್ತ ಹೇಳಿದಳು: "ರೀ, ಬಸಕ್ಕ ಭಾಳ ಸೊರಗ್ಯಾಳ. ನಿದ್ದಿ ಮಾಡ್ತಾಳೋ ಇಲ್ಲೋ." ಸನ್ಮಾನದ ದಿನ ಆಡುವ ಮಾತೇ ಇದು?

ಜನವರಿ ೧೪, ಮಂಗಳವಾರ

ಸಂಕ್ರಾಂತಿ. ಹೂಮಾಲೆ ಹಾಕಿದ ಬುಟ್ಟಿಯನ್ನು ನಾನೇ ಹೊತ್ತು ಬಸಕ್ಕನ ಎಮ್ಮೆಯ ಮುಂದೆ ಇಟ್ಟೆ. ಗಬ್ಬದ ಎಮ್ಮೆಗೆ ಮೊದಲ ಮೇವು ಉಣಿಸಿದರೆ ಫೋಟೊಕ್ಕೆ ಶೋಭೆ ಎಂದು ದೊಡ್ಡಬಸಪ್ಪನ ಯೋಚನೆ. ಊರೆಲ್ಲ ಮೊಬೈಲು ಎತ್ತಿ ಹಿಡಿದಿತ್ತು.

ಎಮ್ಮೆ ಮೂಗು ತಂದಿತು. ಒಮ್ಮೆ ಬುಸ್ಸೆಂದಿತು. ಮುಖ ಆ ಕಡೆ ತಿರುಗಿಸಿ ನಿಂತಿತು.

ಬುಟ್ಟಿಯನ್ನು ಆ ಕಡೆ ಒಯ್ದೆ. ಅದು ಈ ಕಡೆ ತಿರುಗಿತು. ಹೀಗೆ ನಾಲ್ಕು ಸಲ. ಜನ ನಗತೊಡಗಿದರು. ಬಸಕ್ಕ ಮಾತ್ರ ನಗದೆ, ಬುಟ್ಟಿಗೆ ಕೈ ಹಾಕಿ ಮೇವು ಹಿಂಡಿ, ಅಂಗೈ ನೋಡಿಕೊಂಡಳು. ಆಮೇಲೆ ಬುಟ್ಟಿಯನ್ನು ಕಾಲಿನಿಂದ ದೂರ ತಳ್ಳಿ, "ನನ್ನ ಎಮ್ಮಿಗೆ ಇದು ಬ್ಯಾಡ" ಎಂದಳು. ಅಧ್ಯಕ್ಷರ ಮುಂದೆ, ಹೂಮಾಲೆ ಹಾಕಿದ ಬುಟ್ಟಿಯನ್ನು ಕಾಲಿನಿಂದ!

ಎಮ್ಮೆಗೆ ಹೊಸ ಆಹಾರದ ಅಭ್ಯಾಸವಿಲ್ಲ ಎಂದು ಷರಾ ಬರೆದಿದ್ದೇನೆ. ಆದರೂ ನಿದ್ದೆ ಬರುತ್ತಿಲ್ಲ. ಅದಿರನ್ನು ಕೊಳ್ಳುವವರು ಬೇಡವೆಂದದ್ದುಂಟು. ಆದರೆ ಹೀಗೆ ಮುಖ ತಿರುಗಿಸಿದವರಿಲ್ಲ.

ಜನವರಿ ೧೬, ಗುರುವಾರ

ಬಸಕ್ಕ ನನ್ನನ್ನೂ ಸಂಘವನ್ನೂ ಕೇಳದೆ ಪಶು ಡಾಕ್ಟರನ್ನು ಕರೆಸಿದ್ದಳು. ಡಾಕ್ಟರ್ ಕಾವ್ಯ, ಚಿಕ್ಕ ವಯಸ್ಸು, ಮಾತು ಮೆತ್ತಗೆ. ನನ್ನ ಎರಡೂ ರಿಜಿಸ್ಟರುಗಳನ್ನು ಹಾಳೆ ಹಾಳೆ ತಿರುವಿ ಓದಿದರು. ಇಷ್ಟು ಶ್ರದ್ಧೆಯಿಂದ ಅವುಗಳನ್ನು ಓದಿದವರು ಅವರೊಬ್ಬರೇ. ನನಗೆ ಹೆಮ್ಮೆಯಾಯಿತು.

ಆಮೇಲೆ ಗುಂಡಿಯ ಚಿತ್ರ ಬರೆದು, ಬೂಷ್ಟು ಹಿಡಿದ ಜಾಗಕ್ಕೆಲ್ಲ ಗುಂಡಗೆ ಗುರುತು ಹಾಕಿದರು. ಹನ್ನೊಂದು ಗುರುತು. ಹನ್ನೊಂದೂ ನನ್ನ ಕಿಟಕಿಗಳ ಕೆಳಗೇ.

"ನೋಡ್ರಿ," ಎಂದೆ, "ಬೂಷ್ಟು ಎಲ್ಲಿದೆಯೋ ಸರಿಯಾಗಿ ಅಲ್ಲೇ ಕಿಟಕಿ ಇಟ್ಟಿದ್ದೇನೆ. ಒಂದೂ ತಪ್ಪಿಲ್ಲ."

ಅವರು ಪೆನ್ನಿಗೆ ಮುಚ್ಚಳ ಹಾಕಿದರು.

"ಸರ್," ಎಂದರು. ಈ ಊರಲ್ಲಿ ನನ್ನನ್ನು ಸರ್ ಎಂದ ಮೊದಲಿಗರು. "ಬೂಷ್ಟು ಇದ್ದಲ್ಲಿ ನೀವು ಕಿಟಕಿ ಇಟ್ಟಿಲ್ಲ. ನೀವು ಕಿಟಕಿ ಇಟ್ಟಲ್ಲಿ ಬೂಷ್ಟು ಬಂದೈತಿ. ಗಾಳಿ ಹೊಕ್ಕು ಒಳಗ ಕುದ್ದು ಹೋಗೈತ್ರಿ. ಈ ಅಂಕಿನೂ ಅಷ್ಟ. ನಾಲ್ಕಕ್ಕ ಇಳಿದಾಗ ಮೇವು ಹದಕ್ಕ ಬಂದಿತ್ತು. ಹುಳೀನ ಅದನ್ನ ಕಾಯತೈತಿ. ಏಳಕ್ಕ ಏರ್ತಂದ್ರ ಕೆಡ್ತು ಅಂತ ಅರ್ಥ."

"ದನ ತಿಂದ್ರ ಏನಾಕೈತ್ರಿ?" ಬಸಕ್ಕ ಕೇಳಿದಳು.

"ಗಬ್ಬದ್ದು ತಿಂದ್ರ ಕಂದು ಹಾಕಬಹುದು, ಗಬ್ಬ ನಿಲ್ಲಂಗಿಲ್ಲ. ನಿಮ್ಮ ಎಮ್ಮಿ ಶಾಣ್ಯಾ ಐತಿ, ಮುಟ್ಟಲಿಲ್ಲ."

ಪ್ರಮಾಣಪತ್ರ ಅಲ್ಲೇ ಕಂಬಕ್ಕೆ ನೇತಾಡುತ್ತಿತ್ತು. ಕೆಳಗೆ ನನ್ನ ಸಹಿ. ಬಸಕ್ಕ ಬೈಯುತ್ತಾಳೆ ಎಂದು ಕಾದೆ. ಅವಳು ಬೈಯದೆ, ಎಮ್ಮೆಯ ಬೆನ್ನು ಸವರುತ್ತ ಕೇಳಿದಳು: "ಹಂಗಾರ ಸಂತಿ ದಿನ ಯಾವತ್ತೈತ್ರಿ ಸ್ವಾಮ್ಯಾರ?"

ಜನವರಿ ೧೭, ಶುಕ್ರವಾರ

ಬರೆಯುವಂಥದ್ದು ಏನೂ ಇಲ್ಲ.

ಜನವರಿ ೨೧, ಮಂಗಳವಾರ

ದೊಡ್ಡಬಸಪ್ಪ ಬಂದಿದ್ದ. ಅವನ ಪ್ರಕಾರ ತಪ್ಪು ತಾಡಪತ್ರಿಯ ಕಂಪನಿಯದು, ಟ್ರ್ಯಾಕ್ಟರಿನವನದು, ಇಲ್ಲವೇ ಬಸಕ್ಕನ ಕಾವಲಿನದು. "ನೀವು ಹಂಗಂತ ಒಂದು ವರದಿ ಬರೀರಿ ಸ್ವಾಮ್ಯಾರ. ನಿಮ್ಮ ಅಂಕಿ ಮ್ಯಾಲ ಊರಿಗೆ ನಂಬಿಕಿ ಐತಿ." ಬರೆಯಲು ಕೂತೆ. "ಕಾವಲಿನ ನಿರ್ಲಕ್ಷ್ಯದಿಂದ" ಎಂಬಲ್ಲಿಗೆ ಪೆನ್ನು ನಿಂತಿತು. ಅಮಾವಾಸ್ಯೆಯ ದಿನ ಅಂಚಿಗೆ ಮಣ್ಣು ಒತ್ತುತ್ತಿದ್ದವಳು ಯಾರು? ಕಾಗದ ಹರಿದು ಒಲೆಗೆ ಹಾಕಿದೆ. ತಪ್ಪು ನನ್ನದೇ ಎಂದು ಅವನಿಗೆ ಹೇಳಿದೆ. ಶಾಲು ವಾಪಸು ಕೇಳುತ್ತಾನೆಂದುಕೊಂಡೆ, ಕೇಳಲಿಲ್ಲ.

ಮಧ್ಯಾಹ್ನ ಗುಂಡಿಗೆ ಹೋಗಿ, ಕೆಟ್ಟದ್ದನ್ನು ಸಲಿಕೆಯಲ್ಲಿ ಎತ್ತಿ ತಿಪ್ಪೆಗೆ ಹಾಕಲು ಶುರು ಮಾಡಿದೆ. ಬೂಷ್ಟಿನ ಧೂಳು ಒಳಗೆ ಹೋಗಬಾರದೆಂದು ಡಾಕ್ಟರು ಹೇಳಿದ್ದರಿಂದ ಮೂಗಿಗೆ ಟವೆಲ್ಲು ಕಟ್ಟಿಕೊಂಡಿದ್ದೆ. ಸ್ವಲ್ಪ ಹೊತ್ತಿಗೆ ಪಕ್ಕದಲ್ಲಿ ಇನ್ನೊಂದು ಸಲಿಕೆಯ ಸದ್ದು ಕೇಳಿಸಿತು. ಬಸಕ್ಕ.

ಫೆಬ್ರವರಿ ೬, ಗುರುವಾರ

ಮುಂದಿನ ನಲವತ್ತು ಅಡಿಯಲ್ಲಿ ತಿನ್ನಲು ಬರುವಂಥದ್ದು ನಾಲ್ಕು ಗಾಡಿಯಷ್ಟೂ ಸಿಗಲಿಲ್ಲ. ಇವತ್ತು ಹಿಂದಿನ ಇಪ್ಪತ್ತು ಅಡಿಯ ಅಂಚಿಗೆ ಬಂದೆವು. ನಾನು ಸಲಿಕೆ ಊರಿ ನಿಂತೆ.

"ಹಾವು?"

ಬಸಕ್ಕ ಸೀರೆಯ ಸೆರಗಿನಿಂದ ಮುಖ ಒರೆಸಿಕೊಂಡಳು. ನಗು ತಡೆಯುತ್ತಿದ್ದಳೆಂದು ಈಗ ಅನಿಸುತ್ತದೆ.

"ಹಾವು ಇಲ್ರಿ."

"ಹೋಯ್ತೇ?"

"ಇದ್ದಿದ್ದ ಇಲ್ರಿ. ನೀವು ಕತ್ರಿ ಹಿಡಕೊಂಡು ಬರೋದು ನೋಡಿ ಎದಿ ಝಲ್ ಅಂತು. ಬ್ಯಾಡ ಅಂದ್ರ ನೀವು ಕೇಳೋರಲ್ಲ. ದೇವರ ದಯೆ, ಬಾಯಾಗ ಹಾವು ಅಂತ ಬಂತು, ಅಂದ್ಬಿಟ್ಟೆ."

"ಮತ್ತೆ ಹಾಲು?"

ಬಸಕ್ಕ ಕೊಟ್ಟಿಗೆಯ ಕಡೆ ನೋಡಿದಳು. ಬೆಕ್ಕು ಬಿಸಿಲಿಗೆ ಮೈ ಚಾಚಿ ಮಲಗಿತ್ತು. ಮೂರು ತಿಂಗಳಲ್ಲಿ ಕುಂಬಳಕಾಯಿಯಂತೆ ಊದಿಕೊಂಡಿದೆ. ಎಂಬತ್ತಕ್ಕೂ ಹೆಚ್ಚು ದಿನ ನಾನು "ಹಾವು ಹಾಜರು" ಎಂದು ಸಹಿ ಮಾಡಿದ್ದೇನೆ.

ಸಿಟ್ಟು ಬರಬೇಕಿತ್ತು. ಸಿಟ್ಟು ಬರುವಷ್ಟರಲ್ಲಿ ಅವಳು ತಾಡಪತ್ರಿಯ ಅಂಚು ಎತ್ತಿದ್ದಳು. ಒಳಗೆ ಹಸಿರು ಹಳದಿ ಬಣ್ಣದ ಮೇವು, ಗೋಡೆ ಕಟ್ಟಿದಂತೆ ಗಟ್ಟಿ. ಹುಳಿ ಹುಳಿಯಾದ ಘಮ. "ಹಿಡೀರಿ" ಎಂದು ಒಂದು ಹಿಡಿ ನನ್ನ ಕೈಗೆ ಕೊಟ್ಟಳು. ಹಿಂಡಿದೆ. ಅಂಗೈ ತೇವವಾಯಿತು, ನೀರು ಸೋರಲಿಲ್ಲ. ಕೈ ಬಿಚ್ಚಿದಾಗ ಮುದ್ದೆ ಮೆಲ್ಲಗೆ ಬಿಡಿಬಿಡಿಯಾಯಿತು. ಒಂದು ಬೊಗಸೆ ಒಯ್ದು ಎಮ್ಮೆಯ ಮುಂದೆ ಹಿಡಿದೆ. ಮೂಸುವ ಗೋಜಿಗೇ ಹೋಗದೆ ನನ್ನ ಅಂಗೈ ಸಮೇತ ನೆಕ್ಕಿತು. ಕಣ್ಣಲ್ಲಿ ನೀರು ಬಂತು. ಇದನ್ನು ಇಲ್ಲಿ ಮಾತ್ರ ಬರೆಯುತ್ತಿದ್ದೇನೆ.

ಪಿಎಚ್ ಕಾಗದ ಜೇಬಿನಲ್ಲಿತ್ತು. ತೆಗೆಯಲು ಮರೆತೆ.

ಫೆಬ್ರವರಿ ೧೮, ಮಂಗಳವಾರ

ಗಬ್ಬದವಕ್ಕೆ ಮತ್ತು ಹಾಲು ಕೊಡುವವಕ್ಕೆ ಮಾತ್ರ ಮೇವು ಎಂದು ಸಂಘದಲ್ಲಿ ತೀರ್ಮಾನ ಮಾಡಿಸಿದೆ. ಉಳಿದವರು ನನ್ನನ್ನು ಬೈದರು. ಬೈಯಲಿ, ನ್ಯಾಯವೇ. ದಿನವೂ ಬೆಳಿಗ್ಗೆ ಮೇವಿನ ರಾಶಿಯ ತೆರೆದ ಬದಿಯ ಉದ್ದಗಲಕ್ಕೂ ಮೈಸೂರುಪಾಕು ಕೊಯ್ದಂತೆ ಒಂದು ಸಾಲು ನೇರವಾಗಿ ಕೊಯ್ಯುವುದು, ತಕ್ಷಣ ಮುಚ್ಚುವುದು. ಬಸಕ್ಕ ಕೊಯ್ಯುತ್ತಾಳೆ, ನಾನು ಮುಚ್ಚುತ್ತೇನೆ. ಮುಚ್ಚುವುದು ಸಣ್ಣ ಕೆಲಸವಲ್ಲ. ಅಂಚಿಗೆ ಮಣ್ಣು ಒತ್ತುವಾಗ ಬೆರಳಿನಿಂದ ತಡವಿದರೆ ಮಾತ್ರ ಗಾಳಿ ಎಲ್ಲಿ ನುಸುಳುತ್ತದೆಂದು ತಿಳಿಯುತ್ತದೆ.

ಗುರುತಿನ ಚೀಟಿ ಎಲ್ಲಿ ಎಂದು ಗಂಗಾಂಬಿಕಾ ಕೇಳಿದಳು. ಅದರ ದಾರದಿಂದ ಉಪ್ಪಿನಕಾಯಿ ಭರಣಿಯ ಬಾಯಿಬಟ್ಟೆ ಬಿಗಿದದ್ದು ಆಮೇಲೆ ನೆನಪಾಯಿತು. ಗಟ್ಟಿ ದಾರ.

ಏಪ್ರಿಲ್ ೨, ಬುಧವಾರ

ಯುಗಾದಿಯಾಗಿ ಮೂರನೇ ದಿನ ಬಸಕ್ಕನ ಎಮ್ಮೆ ಈದಿದೆ. ಹೆಣ್ಣು ಕರು. ಸಂಜೆ ಬಸಕ್ಕ ಒಂದು ತಂಬಿಗೆ ಗಿಣ್ಣದ ಹಾಲು ತಂದು, "ಮೊದಲ ಹಾಲು ನಿಮಗ ಸ್ವಾಮ್ಯಾರ, ಹಾವಿನ ಪಾಲು ಅಂತ ತಿಳೀರಿ" ಎಂದಳು. ಗಂಗಾಂಬಿಕಾ ಬಿದ್ದು ಬಿದ್ದು ನಕ್ಕಳು. ಅವಳಿಗೆ ಯಾವಾಗ ಗೊತ್ತಾಯಿತು ಎಂದು ಕೇಳಿದೆ. "ಎರಡನೇ ದಿನಾನ ಬೆಕ್ಕು ನೋಡಿದ್ದೆ" ಎಂದಳು. ಮತ್ತೆ ಮೂರು ತಿಂಗಳು ಹಾಲು ಒಯ್ದದ್ದು ಯಾಕೆ? "ನೀವು ಅತ್ಲಾಗ ಹೋಗಬಾರದು ಅಂತ."

ಗಿಣ್ಣ ಚೆನ್ನಾಗಿತ್ತು.

ಏಪ್ರಿಲ್ ೨೨, ಮಂಗಳವಾರ

ಮೇಲಿನ ಕಚೇರಿಯಿಂದ ಜೀಪಿನಲ್ಲಿ ಒಬ್ಬ ಅಧಿಕಾರಿ ಬಂದಿದ್ದರು. ಕೊರಳಲ್ಲಿ ಚೀಟಿ, ಕೈಯಲ್ಲಿ ಆರಡಿಯ ಕೊರೆಯುವ ಸಲಾಕೆ. ಎಲ್ಲ ಊರಿನ ಗುಂಡಿಗಳಿಗೂ ಹನ್ನೆರಡು ತೂತು ಕೊರೆದು ಗುಣಮಟ್ಟ ನೋಡಬೇಕೆಂದು ಆದೇಶವಾಗಿದೆಯಂತೆ. ನಮ್ಮಲ್ಲಿ ಉಳಿದಿರುವುದು ಎಂಟೇ ಅಡಿ. ಮೇ ತಿಂಗಳು ಪೂರ್ತಿ ಬಾಕಿ ಇದೆ. ಎಂಟು ಅಡಿಗೆ ಹನ್ನೆರಡು ತೂತು.

ಬಸಕ್ಕ ಬುಟ್ಟಿ ಹಿಡಿದು ನನ್ನನ್ನೇ ನೋಡುತ್ತ ನಿಂತಿದ್ದಳು. ಕೊಟ್ಟಿಗೆಯಲ್ಲಿ ಕರು ಕೂಗುತ್ತಿತ್ತು.

"ಅತ್ಲಾಗ ಹೋಗಬ್ಯಾಡ್ರಿ ಸರ್," ಎಂದೆ. "ಹಾವೈತಿ."

"ಯಾವ ಹಾವು?"

"ನಾಗರಹಾವ್ರಿ. ಮೊರದಷ್ಟಗಲ ಹೆಡಿ."

"ಜೋಡಿ ಅದಾವ್ರಿ," ಎಂದಳು ಬಸಕ್ಕ.

ಅವರು ಗಂಗಾಂಬಿಕಾಳ ಹಳೆಯ ತಟ್ಟೆಯನ್ನೂ ಅರಿಶಿನವನ್ನೂ ನೋಡಿದರು. ಪುರಾವೆಗೆ ನನ್ನ ರಿಜಿಸ್ಟರು ತೋರಿಸಿದೆ. ಎಂಬತ್ತಕ್ಕೂ ಹೆಚ್ಚು ಸಹಿ, ದಿನಾಂಕ ಸಮೇತ. ಅಂಥ ದಾಖಲೆಗೆ ಯಾವ ಅಧಿಕಾರಿ ತಾನೇ ಎದುರಾಡುತ್ತಾನೆ? ಸಲಾಕೆಯನ್ನು ಜೀಪಿನ ಹಿಂದೆ ಹಾಕಿ, ತಾವು ಮುಂದೆ ಕುಳಿತು, ಕಿಟಕಿಯಿಂದಲೇ ನಮೂನೆ ಕೊಟ್ಟು, ನೀವೇ ತುಂಬಿ ಎಂದರು.

ತುಂಬಿದೆ: "ನಾಗರಹಾವು, ಎರಡು. ತಪಾಸಣೆ ಸಾಧ್ಯವಿಲ್ಲ. ಗುಣಮಟ್ಟ: ಉತ್ತಮ."

ಜನ್ಮದಲ್ಲಿ ಮೊದಲ ಸಲ ಗೊತ್ತಿದ್ದೂ ಸುಳ್ಳು ಅಂಕಿ ಬರೆದೆ. ಒಂದು ಹಾವು ನನ್ನದು. ಎರಡನೆಯದು ಬಸಕ್ಕ ಹೇಳಿದ್ದು, ಅದನ್ನು ನಾನು ಪರಿಶೀಲಿಸಲು ಹೋಗಲಿಲ್ಲ.